ಮರಳು ತೊಳೆದ ನೀರು

ರಾಜಸ್ಥಾನದ ಮರುಭೂಮಿಯಿಂದ ಹದಿನಾಲ್ಕು ದಿನದ ರಜೆಗೆ ಮನೆಗೆ ಬಂದಾಗಲೆಲ್ಲ ಸುಷ್ಮಾ ಮೊದಲೆರಡು ದಿನ ಬರೀ ನಿದ್ದೆ ಮಾಡುತ್ತಿದ್ದಳು. ಈ ಸಲ ಹಾಗಾಗಲಿಲ್ಲ. ಬೆಳಿಗ್ಗೆ ಮೈಸೂರಿನ ಕೃಷ್ಣಮೂರ್ತಿಪುರಂನ ಮನೆ ಸೇರಿ, ಸ್ನಾನ ಮುಗಿಸಿ, ತಾಯಿ ಶಾಂತಾದೇವಿ ಹಾಕಿಕೊಟ್ಟ ಎರಡನೆಯ ದೋಸೆಗೆ ಕೈ ಹಾಕುವಾಗಲೇ ತಂದೆಯ ಕಡೆ ತಿರುಗಿದಳು.

“ಅಪ್ಪ, ನಮ್ಮ ಕಾಲೇಜಿನ ಲ್ಯಾಬಲ್ಲಿ ದೊರೆಸ್ವಾಮಿ ಅಂತ ಅಟೆಂಡರ್ ಇದ್ರಲ್ಲ. ಅವರ ಮನೆ ಹುಡುಕ್ಬೇಕು.”

ಕರಿಬಸವಯ್ಯನವರು ಓದುತ್ತಿದ್ದ ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. “ಯಾಕೆ?” ಎಂದರು. ಆ ಹೆಸರನ್ನು ಅವರೂ ಮರೆತಿಲ್ಲ ಎಂಬುದು ಆ ಒಂದು ಮಾತಿನ ದನಿಯಲ್ಲೇ ಗೊತ್ತಾಯಿತು.

ಅಗ್ರಹಾರದ ಹತ್ತಿರ ಕರಿಬಸವಯ್ಯನವರದು ಬಣ್ಣದ ಅಂಗಡಿ. ಮೂವತ್ತು ವರ್ಷದಿಂದ ಡಿಸ್ಟೆಂಪರ್, ಎನಾಮೆಲ್, ಥಿನ್ನರ್ ಮಾರಿಕೊಂಡು ಬಂದವರು. ಮಾತು ಒರಟು, ಮನಸ್ಸು ಒಳ್ಳೆಯದು ಎಂದು ಬೀದಿಯವರು ಹೇಳುತ್ತಿದ್ದರು. ಆ ಮನಸ್ಸು ಕಾಣುವಷ್ಟು ಹೊತ್ತು ಎದುರಿಗೆ ನಿಲ್ಲುವ ಧೈರ್ಯ ಎಲ್ಲರಿಗೂ ಇರುತ್ತಿರಲಿಲ್ಲ. ಒಬ್ಬಳೇ ಮಗಳು ಭೂವಿಜ್ಞಾನ ಓದುತ್ತೇನೆ ಎಂದಾಗ “ಕಲ್ಲು ಓದಿ ಏನ್ಮಾಡ್ತೀಯೆ?” ಎಂದು ಗದರಿ, ಮಾರನೆಯ ದಿನ ತಾವೇ ಹೋಗಿ ಕಾಲೇಜಿನಿಂದ ಅರ್ಜಿ ತಂದುಕೊಟ್ಟವರು.

ದೊರೆಸ್ವಾಮಿಯವರಿಗೂ ಈ ಮನೆಗೂ ನಡೆದ ಪ್ರಸಂಗ ಹತ್ತು ವರ್ಷದ ಹಿಂದಿನದು. ಸುಷ್ಮಾ ಆಗ ಎರಡನೆಯ ವರ್ಷದ ಬಿ.ಎಸ್ಸಿ. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಕಡಲ ತೀರದಿಂದ ತಂದ ಜೇಡಿಮಣ್ಣನ್ನು ನೆನೆಹಾಕಿ, ತೊಳೆದು, ಅದರೊಳಗಿನ ಸೂಕ್ಷ್ಮ ಶಂಖಗಳನ್ನು ಆರಿಸಬೇಕಿತ್ತು. ಗಸಗಸೆಗಿಂತ ಸಣ್ಣವು, ಲಕ್ಷಾಂತರ ವರ್ಷ ಹಳೆಯವು. ಅವಳಿಗೆ ಗೆಳತಿ ನಯನಾಳ ಜೊತೆ ಬೇಗ ಹೊರಡುವ ಅವಸರ. ತಟ್ಟೆಯಲ್ಲಿ ಎರಡು ಸಲ ಕದಡಿ, ಕೆಸರು ನೀರನ್ನು ಹಾಗೇ ಸಿಂಕಿಗೆ ಬಗ್ಗಿಸಿಬಿಟ್ಟಳು.

“ನೀರು ನೋಡ್ದೇನೇ ಯಾಕಮ್ಮ ಚೆಲ್ದೆ?” ಎಂದು ಹಿಂದಿನಿಂದ ಕೇಳಿತು. ಇಪ್ಪತ್ತಾರು ವರ್ಷದಿಂದ ಆ ಲ್ಯಾಬಿನಲ್ಲಿದ್ದ ದೊರೆಸ್ವಾಮಿ. ಅವರು ಸಿಂಕಿನ ಕೆಳಗೆ ಬಾಗಿ, ಕೊಳವೆಯ ಬುಡದಲ್ಲಿ ರಾಡಿ ತಂಗುವ ಬಟ್ಟಲನ್ನು ತಿರುವಿ ಬಿಚ್ಚಿದರು. “ಕೂತ್ಕೊ. ಕೈ ಹಾಕಿ ಅಷ್ಟನ್ನೂ ತಟ್ಟೆಗೆ ತೆಗಿ” ಎಂದರು. ಸುಷ್ಮಾ ಕುಕ್ಕರುಗಾಲಲ್ಲಿ ಕೂತು ಕಪ್ಪು ರಾಡಿಯನ್ನು ಬೆರಳಲ್ಲಿ ಬಳಿದಳು. ಹೊಸ ಚೂಡಿದಾರ ಕೆಟ್ಟಿತು. ಹಿಂದೆ ಯಾರೋ ಕಿಸಕ್ಕೆಂದರು. ದೊರೆಸ್ವಾಮಿ ಆ ರಾಡಿಯನ್ನು ತಾವೇ ನಿಧಾನವಾಗಿ ತೊಳೆದು, ತಳದಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, “ನೋಡು, ಒಳ್ಳೇದೆಲ್ಲ ನೀರಲ್ಲೇ ಹೋಗ್ಬುಟ್ಟಿತ್ತು” ಎಂದರು. ಅವಳು ನೋಡಲಿಲ್ಲ. ಅಳುತ್ತಾ ಮನೆಗೆ ಬಂದಳು.

ಮಾರನೆಯ ದಿನ ಕರಿಬಸವಯ್ಯನವರು ಪ್ರಿನ್ಸಿಪಾಲರ ಕೋಣೆಯಲ್ಲಿದ್ದರು. “ನಮ್ಮ ಹುಡುಗಿ ಇಲ್ಲಿಗೆ ಮೋರಿ ಬಳಿಯೋಕೆ ಬರ್ತಾಳೇನ್ರಿ?” ಎಂದ ಅವರ ಕೂಗು ಕಾರಿಡಾರಿನ ಕೊನೆಯವರೆಗೂ ಕೇಳಿತ್ತಂತೆ. ದೊರೆಸ್ವಾಮಿಯನ್ನು ಕರೆಸಿದರು. ಅವರು ಅಪ್ಪನ ಮುಂದೆ, ಮಗಳ ಮುಂದೆ, ನಾಲ್ಕು ಜನ ಅಧ್ಯಾಪಕರ ಮುಂದೆ ಕೈ ಜೋಡಿಸಿ ನಿಂತು, “ತಪ್ಪಾಯ್ತು ಸಾಮಿ” ಎಂದರು. ಸುಷ್ಮಾ ನೆಲದ ಮೊಸಾಯಿಕ್ ನೋಡುತ್ತಾ ನಿಂತಿದ್ದಳು.

ಆಮೇಲೆ ಒಂದೂವರೆ ವರ್ಷ ಅವಳು ಆ ಲ್ಯಾಬಿನಲ್ಲಿದ್ದಳು. ದೊರೆಸ್ವಾಮಿ ಎಲ್ಲರನ್ನೂ ‘ಕಣಮ್ಮ’, ‘ಕಣಪ್ಪ’ ಎಂದೇ ಮಾತಾಡಿಸುತ್ತಿದ್ದರು. ಅವಳಿಗೆ ಮಾತ್ರ “ತಗೊಳ್ಳಿ ಮೇಡಂ” ಎಂದು ತಟ್ಟೆ ಕೊಡುತ್ತಿದ್ದರು. ಅವಳು ಏನಾದರೂ ತೊಳೆಯುವಾಗ ಮಾತ್ರ ಸ್ವಲ್ಪ ದೂರದಲ್ಲಿ ಬಂದು ನಿಂತು, ಒಂದು ಮಾತೂ ಆಡದೆ ಅವಳ ಕೈಯಲ್ಲಿದ್ದ ನೀರನ್ನು ನೋಡುತ್ತಿದ್ದರು. ಆ ನೋಟಕ್ಕೆ ಹೆದರಿಯೇ ಅವಳು ನೀರು ನೋಡುವುದನ್ನು ಕಲಿತಳು. ಅವರ ಹಾಗೆಯೇ ತಟ್ಟೆಯನ್ನು ಓರೆ ಹಿಡಿದು, ಮಣಿಕಟ್ಟಿನಲ್ಲಿ ಸಣ್ಣಗೆ ತೂಗಿ, ತಿಳಿಯನ್ನು ಇನ್ನೊಂದು ಬಟ್ಟಲಿಗೆ ಬಗ್ಗಿಸುವುದು, ಅದು ನಿಂತ ಮೇಲೆ ತಳ ನೋಡುವುದು ರೂಢಿಯಾಯಿತು. ಹೇಗೆ ಬಂತು, ಯಾರಿಂದ ಬಂತು ಎಂಬುದನ್ನು ಮುಂದೆ ಅವಳು ಯೋಚಿಸಲೂ ಇಲ್ಲ.

ಈಗ ಅವಳು ಎಣ್ಣೆ ಬಾವಿ ಕೊರೆಯುವ ಒಂದು ಕಂಪನಿಯಲ್ಲಿ ಭೂವಿಜ್ಞಾನಿ. ಮರುಭೂಮಿಯ ರಿಗ್ಗೇ, ಅಂದರೆ ಬಾವಿ ಕೊರೆಯುವ ಗೋಪುರವೇ, ಅವಳ ಕಚೇರಿ. ಉದ್ದದ ಕೊಳವೆಯ ತುದಿಯಲ್ಲಿರುವ ಹಲ್ಲು ಕಲ್ಲನ್ನು ಅರೆಯುತ್ತಾ ಇಳಿಯುತ್ತದೆ. ಒಳಕ್ಕೆ ಒತ್ತಿದ ಕೆಸರು ಆ ಪುಡಿಯನ್ನು ಹೊತ್ತು ಮೇಲೆ ಬರುತ್ತದೆ. ಎರಡು ಕಿಲೋಮೀಟರ್ ಕೆಳಗಿನ ಕಲ್ಲು ಬೆಳಕು ಕಾಣಲು ಮುಕ್ಕಾಲು ಗಂಟೆ ಬೇಕು. ಅದನ್ನು ತೊಳೆದು, ಒಣಗಿಸಿ, ನೋಡಿ, ಕೆಳಗೆ ಏನಿದೆ ಎಂದು ಹೇಳುವುದು ಅವಳ ಕೆಲಸ.

ಆ ದಿನ ದೋಸೆ ಆರಿಹೋದರೂ ಅವಳು ಅಪ್ಪ ಅಮ್ಮನಿಗೆ ಹೇಳಿದ್ದು ಕಳೆದ ಬಾವಿಯ ಕಥೆ.

ಯಾವ ಮರಳುಗಲ್ಲಿನ ಪದರಕ್ಕಾಗಿ ಮೂರು ವಾರ ಕೊರೆದಿದ್ದರೋ ಆ ಪದರ ಸಿಕ್ಕಿತ್ತು, ಅದರಲ್ಲಿ ಬರೀ ಉಪ್ಪು ನೀರಿತ್ತು. ಅವಳ ಮೇಲಿನ ಹಿರಿಯ ಭೂವಿಜ್ಞಾನಿ ಅಸ್ಸಾಮಿನವರು. ಇಪ್ಪತ್ತೈದು ವರ್ಷ ಬಾವಿಗಳ ಬಾಯಲ್ಲೇ ಕೂತವರು. ‘ಒಣ ಬಾವಿ’ ಎಂದು ವರದಿ ಬರೆಯಲು ಶುರು ಮಾಡಿದ್ದರು. ಬಾವಿಗೆ ಸಿಮೆಂಟ್ ತುಂಬಿ ರಿಗ್ಗನ್ನು ಮುಂದಿನ ಜಾಗಕ್ಕೆ ಸಾಗಿಸಲು ಲಾರಿಗಳು ಎರಡು ದಿನದಲ್ಲಿ ಬರುವುದಿತ್ತು. ಉಳಿದ ಕೆಲವೇ ಮೀಟರ್ ಕೊರೆಯುತ್ತಿದ್ದರು. ಪುಡಿಯನ್ನು ಜರಡಿಗೆ ಹಾಕಿ ರಬ್ಬರ್ ಕೊಳವೆಯ ರಭಸದ ನೀರಲ್ಲಿ ತೊಳೆದು ಚೀಟಿ ಅಂಟಿಸಿ ಕೊಡುವುದು ಕೆಲಸದವರ ರೂಢಿ. ಒಂದು ಬೆಳಿಗ್ಗೆ ತೊಳೆಯುವವರು ತಿಂಡಿಗೆ ಹೋಗಿದ್ದರು. ಸುಷ್ಮಾ ತಾನೇ ಒಂದು ಸ್ಟೀಲ್ ಬೋಗುಣಿಯಲ್ಲಿ ಪುಡಿ ತೆಗೆದುಕೊಂಡು ತೊಳೆದಳು.

“ನೀರು ಚೆಲ್ಲೋಕೆ ಬಗ್ಗಿಸ್ದೆ ಅಪ್ಪ. ಕೈ ನಿಂತ್ಹೋಯ್ತು. ಹಿಂದೆ ಯಾರೋ ಬಂದು ನಿಂತ್ಕೊಂಡು ನನ್ನ ಬೋಗುಣೀನೇ ನೋಡ್ತಿದಾರೆ ಅನ್ನಿಸ್ತು. ತಿರುಗಿ ನೋಡಿದ್ರೆ ಯಾರೂ ಇಲ್ಲ.”

ನೀರಿನಲ್ಲಿ ಕಂದು ಮಬ್ಬು ಇತ್ತು. ಅವಳು ಅದನ್ನು ಇನ್ನೊಂದು ಬಟ್ಟಲಿಗೆ ಬಗ್ಗಿಸಿ, ತಳ ನಿಲ್ಲುವವರೆಗೆ ಕಾದಳು. ಹಿಟ್ಟಿನಷ್ಟು ನುಣುಪಾದ ಮರಳು ಕೂತಿತು. ಅತಿನೇರಳೆ ದೀಪದ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಅಷ್ಟೂ ಜೇನಿನ ಬಣ್ಣದಲ್ಲಿ ಹೊಳೆಯಿತು. ಎಣ್ಣೆ ಇದ್ದರೆ ಹಾಗೆ ಹೊಳೆಯುತ್ತದೆ. ಮರಳು ಎಷ್ಟು ನಯವೆಂದರೆ ಜರಡಿಯ ಕಣ್ಣಲ್ಲಿ ನುಸುಳಿ, ತೊಳೆದ ನೀರಿನ ಜೊತೆ ಹೊರಗೆ ಹೋಗಿಬಿಡುತ್ತಿತ್ತು. ಕೆಸರು ಸೋಸುವ ಯಂತ್ರದ ಹಿಂದೆ ಬಿದ್ದಿದ್ದ ನಾಲ್ಕು ದಿನದ ರಾಶಿಯಿಂದ ಮುಷ್ಟಿ ತುಂಬ ತಂದು ನೋಡಿದಳು. ಅದೂ ಹೊಳೆಯಿತು.

ಹಿರಿಯರ ಮುಂದೆ ಬಟ್ಟಲಿಟ್ಟು ಅವಳು, “ನಾಲ್ಕು ದಿನದಿಂದ ನಾವು ಎಣ್ಣೆಯನ್ನೇ ತೊಳೆದು ಚೆಲ್ಲುತ್ತಿದ್ದೇವೆ ಸರ್” ಎಂದಳು. ಅವರು ಪೆಟ್ಟಿಗೆಯೊಳಗೆ ಇಣುಕಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಇಣುಕಿದರು. ಬರೆಯುತ್ತಿದ್ದ ವರದಿಯನ್ನು ಮುಚ್ಚಿಟ್ಟು ಫೋನ್ ತೆಗೆದುಕೊಂಡರು. ಲಾರಿಗಳು ಬರಲಿಲ್ಲ. ಮೂರನೆಯ ವಾರ ಉಪ್ಪು ನೀರಿನ ಪದರದ ಕೆಳಗಿದ್ದ, ಇಪ್ಪತ್ತೆರಡು ಮೀಟರ್ ದಪ್ಪದ ಆ ನುಣುಪು ಮರಳಿನ ಪದರದಿಂದ ದಪ್ಪನೆಯ, ಕಪ್ಪು ಕಂದು ಎಣ್ಣೆ ಬಂತು. ದೊಡ್ಡ ಬಾವಿಯೇನಲ್ಲ, ದಿನಕ್ಕೆ ಕೆಲವು ನೂರು ಪೀಪಾಯಿ. ದೇಶ ಸುಡುವ ಎಣ್ಣೆಯ ಮುಂದೆ ಅದು ಕೆರೆಗೆ ಚಮಚ ನೀರು. ಆದರೂ ಆ ದಿನ ರಿಗ್ಗಿನ ಅಡುಗೆಯವನಿಂದ ಹಿಡಿದು ಎಲ್ಲರೂ ಕುಣಿದರು. ಕಂಪನಿ ಪ್ರತಿಯೊಬ್ಬರಿಗೂ ಆ ಎಣ್ಣೆಯನ್ನು ತುಂಬಿ ಮುದ್ರೆ ಹಾಕಿದ ಒಂದು ಗಾಜಿನ ಶೀಶೆಯನ್ನು ನೆನಪಿಗೆಂದು ಕೊಟ್ಟಿತು.

“ಹೀಗೆ ತೊಳೆಯೋದನ್ನ ಯಾರು ಕಲಿಸಿದ್ದು ಅಂತ ಸರ್ ಕೇಳಿದ್ರು. ಮೈಸೂರಲ್ಲಿ ಒಬ್ಬರು ಅಂದೆ. ಅದಕ್ಕಿಂತ ಹೆಚ್ಚು ಹೇಳೋಕಾಗ್ಲಿಲ್ಲ ಅಪ್ಪ. ನಾಚಿಕೆಯಾಯ್ತು.”

ಕರಿಬಸವಯ್ಯನವರು ಮಡಿಸಿದ್ದ ಪೇಪರನ್ನು ಇನ್ನೊಮ್ಮೆ ಮಡಿಸಿದರು. ಆಮೇಲೆ, “ನೀನು ಹೋಗ್ಬಾ. ನಾನು ಬರಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ?” ಎಂದರು.

ಶಾಂತಾದೇವಿ ಒಲೆಯ ಮುಂದಿನಿಂದಲೇ, “ಬೈಯೋಕೆ ಹೋದಾಗ ಇದ್ದ ಮುಖಾನೇ ಇಟ್ಕೊಂಡು ಹೋಗಿ. ಅವರಿಗೂ ಗುರುತು ಸಿಗುತ್ತೆ” ಎಂದರು.

*

ಕಾಲೇಜಿನಲ್ಲಿ ವಿಚಾರಿಸಿದಾಗ ದೊರೆಸ್ವಾಮಿ ನಿವೃತ್ತರಾಗಿ ಆರು ವರ್ಷವಾಯಿತು, ಮನೆ ಹಿನಕಲ್‌ನಲ್ಲಿ ಎಂದರು. ಅಪ್ಪ ಮಗಳು ಕಾರಿನಲ್ಲಿ ಹೊರಟರು. ಮೇಲುಸೇತುವೆ ದಾಟಿ, ಹೊಸ ಬಡಾವಣೆಗಳ ನಡುವೆ ಉಳಿದುಕೊಂಡಿರುವ ಹಳೆಯ ಊರಿನ ಬೀದಿಗೆ ಬಂದು, ಟೀ ಅಂಗಡಿಯಲ್ಲಿ ಕೇಳಿದರು. “ಮೇಣದಬತ್ತಿ ದೊರೆಸ್ವಾಮೀನಾ? ಆ ನೀಲಿ ಗೇಟು” ಎಂದು ಅಂಗಡಿಯವನು ತೋರಿಸಿದ.

ಗೇಟಿನ ಹತ್ತಿರವೇ ಬಿಸಿ ಮೇಣದ ವಾಸನೆ ಬಂತು. ಬಾಗಿಲು ತೆಗೆದದ್ದು ಅರವತ್ತರ ಒಬ್ಬ ಹೆಂಗಸು, ದೊರೆಸ್ವಾಮಿಯ ಹೆಂಡತಿ ಪುಟ್ಟಲಿಂಗಮ್ಮ. ಸೆರಗಿನ ತುದಿಯಲ್ಲಿ ಮೇಣದ ಹನಿಗಳು ಗಟ್ಟಿಯಾಗಿದ್ದವು.

“ನನ್ನ ಹೆಸರು ಕರಿಬಸವಯ್ಯ ಅಂತ. ಅಗ್ರಹಾರದಲ್ಲಿ ಪೇಂಟಿನ ಅಂಗಡಿ…”

“ಗೊತ್ತು,” ಎಂದರು ಪುಟ್ಟಲಿಂಗಮ್ಮ. ಬಾಗಿಲಿಗೆ ಅಡ್ಡ ಇಟ್ಟ ಕೈಯನ್ನು ತೆಗೆಯಲಿಲ್ಲ. “ಬಸ್ಸು ನಿಮ್ಮ ಅಂಗಡಿ ಮುಂದೆ ಹೋಗ್ವಾಗ್ಲೆಲ್ಲ ನಾನು ಇನ್ನೊಂದು ಕಡೆ ಮುಖ ತಿರುಗಿಸ್ಕೊತೀನಿ. ಏನಾಗ್ಬೇಕಿತ್ತು?”

ಒಳಗಿನಿಂದ, “ಯಾರಮ್ಮಿ ಅದು? ಒಳಕ್ಕೆ ಕರಿ. ನಾನು ಎದ್ದೇಳೋಂಗಿಲ್ಲ, ಮೇಣ ಆರೋಯ್ತದೆ” ಎಂದು ಕೂಗು ಬಂತು.

ದೊರೆಸ್ವಾಮಿ ನಡುಮನೆಯಲ್ಲಿ ಮಣೆಯ ಮೇಲೆ ಕೂತು, ಸಾಲಾಗಿ ಇಟ್ಟ ಅಲ್ಯೂಮಿನಿಯಂ ಅಚ್ಚುಗಳಿಗೆ ಸೌಟಿನಲ್ಲಿ ಮೇಣ ಹೊಯ್ಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಮಾತ್ರ ಮೊದಲಿನಷ್ಟೇ ನಿಧಾನ, ಮೊದಲಿನಷ್ಟೇ ಸ್ಥಿರ. ಒಂದು ಹನಿ ಹೊರಗೆ ಬೀಳಲಿಲ್ಲ. ತಲೆ ಎತ್ತಿ ಸುಷ್ಮಾಳನ್ನು ನೋಡಿದರು, ಅವಳ ಹಿಂದೆ ನಿಂತಿದ್ದವರನ್ನು ನೋಡಿದರು.

“ಬನ್ನಿ ಮೇಡಂ. ಕೂತ್ಕೊಳಿ ಸಾಮಿ. ಇನ್ನು ಆರು ಅಚ್ಚು ಅದೆ.”

ಆ ಆರು ಅಚ್ಚೂ ತುಂಬಿದವು. ಸೌಟನ್ನು ಪಾತ್ರೆಗೆ ಒರಗಿಸಿಟ್ಟು ಅವರು ಕೈ ಒರೆಸಿಕೊಂಡ ಮೇಲೆ, ಸುಷ್ಮಾ ಅವರ ಎದುರಿಗೆ ನೆಲದ ಮೇಲೆ ಕೂತಳು. 

“ಅವತ್ತು ತಪ್ಪು ಮಾಡಿದ್ದು ನಾನು ಸರ್. ತಪ್ಪಾಯ್ತು ಅಂದಿದ್ದು ನೀವು” ಎಂದಳು.

ದೊರೆಸ್ವಾಮಿ ಅಚ್ಚುಗಳ ಕಡೆ ನೋಡಿದರು. “ಸುಳ್ಳು ಯಾಕೆ ಹೇಳ್ಲಿ? ನೋವಾಗಿತ್ತು. ಆದ್ರೆ ನಂದೂ ತಪ್ಪಿತ್ತು. ಚಿಕ್ಕ ಹುಡುಗಿ, ನಾಲ್ಕು ಜನದ ಮುಂದೆ ಅಂಗೆ ಕೂರಿಸ್ಬಾರ್ದಿತ್ತು.”

“ಮೂರು ದಿನ ಅನ್ನ ಮುಟ್ನಿಲ್ಲ ಇವ್ರು,” ಎಂದರು ಪುಟ್ಟಲಿಂಗಮ್ಮ, ಇನ್ನೂ ನಿಂತುಕೊಂಡೇ. “ಹೊಟ್ಟೆನೋವು ಅಂತ ನನ್ ಕೈಲಿ ಕಷಾಯ ಮಾಡಿಸ್ಕೊಂಡ್ರು. ಆಮ್ಯಾಕೆ ಇನ್ನೊಬ್ಬರ ಬಾಯಿಂದ ನಂಗೆ ಗೊತ್ತಾಯ್ತು. ಅಷ್ಟು ವರ್ಷದಲ್ಲಿ ಒಂದು ಗಾಜು ಒಡೆದೋರಲ್ಲ. ಅಂಥೋರ ಕೈಲಿ ತಪ್ಪಾಯ್ತು ಅನ್ನಿಸ್ಬುಟ್ರಲ್ಲ ನೀವು?”

ಕೂರಲು ಹೊರಟಿದ್ದ ಕರಿಬಸವಯ್ಯನವರು ಮತ್ತೆ ನೇರವಾಗಿ ನಿಂತರು.  

ಸುಷ್ಮಾ ಬಾವಿಯ ಕಥೆ ಶುರು ಮಾಡಿದಳು. ಮರುಭೂಮಿ, ಉಪ್ಪು ನೀರು, ಬರಬೇಕಿದ್ದ ಲಾರಿಗಳು, ಬೋಗುಣಿ, ಎಲ್ಲವನ್ನೂ ಹೇಳಿದಳು. ದೊರೆಸ್ವಾಮಿ ಕೇಳುತ್ತಾ ಕೇಳುತ್ತಾ ಮುಂದಕ್ಕೆ ಬಾಗಿದರು. ಜರಡಿಯ ಕಣ್ಣು ಎಷ್ಟು ದೊಡ್ಡದು, ಮರಳಿನ ಬಣ್ಣ ಏನು, ಬೆರಳಲ್ಲಿ ತಿಕ್ಕಿದರೆ ಜಾರುತ್ತಿತ್ತೋ ಉರುಟುತ್ತಿತ್ತೋ ಎಂದು ನಡುನಡುವೆ ಕೇಳಿದರು. “ಎಂಗೆ ತೊಳೆದೆ? ತೋರ್ಸು” ಎಂದರು. ‘ಮೇಡಂ’ ಬಿದ್ದುಹೋಗಿ ‘ನೀನು’ ಬಂದದ್ದನ್ನು ಅವರು ಗಮನಿಸಲಿಲ್ಲ. ಅವಳು ಗಮನಿಸಿದಳು.

ಖಾಲಿ ತಟ್ಟೆಯೊಂದನ್ನು ತೆಗೆದುಕೊಂಡು, ಓರೆ ಹಿಡಿದು, ಮಣಿಕಟ್ಟಿನಲ್ಲಿ ಮೂರು ಸಲ ತೂಗಿ, ಒಮ್ಮೆ ನಿಲ್ಲಿಸಿ, ಅಂಚಿಗೆ ಹೆಬ್ಬೆರಳು ಅಡ್ಡ ಕೊಟ್ಟು ಬಗ್ಗಿಸಿ ತೋರಿಸಿದಳು.

“ಅಯ್ಯೋ!” ಎಂದರು ಪುಟ್ಟಲಿಂಗಮ್ಮ. “ಅದು ನಾನು ಅಕ್ಕಿ ಜಾಲಿಸೋದು ಕಣ್ರೀ!”

ದೊರೆಸ್ವಾಮಿ ಜೋರಾಗಿ ನಕ್ಕುಬಿಟ್ಟರು. ನಗುತ್ತಾ ಕೆಮ್ಮು ಬಂತು. “ಹೂಂ ಕಣಮ್ಮಿ, ನಿಂದೇ. ಕೆಲ್ಸಕ್ಕೆ ಸೇರಿದ್ ಹೊಸದ್ರಲ್ಲಿ ಪ್ರೊಫೆಸರು ಒಂದು ಚೀಲ ಮರಳು ಕೊಟ್ಟು ತೊಳೆದಿಡು ಅಂದ್ರು. ಹೊಲ ಗೇಯ್ದೋನಿಗೆ ಮರಳು ತೊಳೆಯೋದು ಏನ್ ಗೊತ್ತು? ಎರಡು ಸಲ ಕೆಡಿಸಿ ಬೈಸ್ಕೊಂಡೆ. ಮನೇಗೆ ಬಂದು ನೋಡ್ದೆ, ಇವ್ಳು ಅಕ್ಕಿಗೆ ನೀರಾಕಿ ಕಲ್ಲು ತೆಗೀತಾ ಕೂತವ್ಳೆ. ಒಂದು ಕಾಳೂ ನೀರ್‌ಗೆ ಹೋಗ್ದಂಗೆ. ನೋಡ್ಕೊಂಡೆ. ಮಾರ್ನೇ ದಿನ ಅಂಗೇ ಮಾಡ್ದೆ. ಪ್ರೊಫೆಸರು, ಎಲ್ ಕಲ್ತೆಯೋ ಅಂದ್ರು. ಪುಸ್ತಕದಲ್ಲಿ ನೋಡ್ದೆ ಸಾರ್ ಅಂದ್ಬುಟ್ಟೆ.”

“ನನ್ನೆಸ್ರು ಹೇಳ್ನಿಲ್ವಾ?”

“ಎಂಡ್ತಿ ಹತ್ರ ಕಲ್ತೆ ಅಂತ ಅಲ್ಲಿ ಎಂಗೆ ಹೇಳ್ಲಿ?”

ಪುಟ್ಟಲಿಂಗಮ್ಮ ಗಂಡನನ್ನು ಒಂದು ಗಳಿಗೆ ಹಾಗೇ ನೋಡಿದರು. ಆಮೇಲೆ ಅವರಿಗೂ ನಗು ತಡೆಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತರು. ಕೂತಿದ್ದೇ ಕರಿಬಸವಯ್ಯನವರ ಕಡೆ ಕೈ ಮಾಡಿ, “ನೀವೂ ಕೂತ್ಕೊಳಿ, ಯಾಕೆ ನಿಂತಿದೀರಿ?” ಎಂದರು.

ಸುಷ್ಮಾ ಚೀಲದಿಂದ ಶೀಶೆ ತೆಗೆದು ದೊರೆಸ್ವಾಮಿಯ ಕೈಯಲ್ಲಿಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು. ಪುಷ್ಯದ ಚಳಿಗೆ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು.

“ಕೆಟ್ಟೋಗದಾ?” ಎಂದರು ಪುಟ್ಟಲಿಂಗಮ್ಮ.

“ಕೆಟ್ಟಿಲ್ಲ” ಎಂದ ದೊರೆಸ್ವಾಮಿ ಶೀಶೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಇಳಿಬಿಟ್ಟರು. ಅಂಚಿನಿಂದ ಕರಗತೊಡಗಿತು. ಹೊರಗೆ ತೆಗೆದಾಗ ಅಂಚಿನಿಂದಲೇ ಮತ್ತೆ ಮಂಕಾಗಿ ಗಟ್ಟಿಯಾಗತೊಡಗಿತು. ಅವರ ಕಣ್ಣು ಅರಳಿತು. “ಮೇಣ! ಇದ್ರಲ್ಲಿ ಮೇಣ ತುಂಬಾ ಅದೆ ಕಣಮ್ಮ. ದಿನಾ ನೋಡ್ತೀನಲ್ಲ, ಇದು ಆರೋ ರೀತೀನೇ ಹೇಳ್ತದೆ.”

“ಹೌದು ಸರ್. ಆ ಕಡೆಯ ಎಣ್ಣೆ ಅಷ್ಟೂ ಹಾಗೇ. ಕೊಳವೆಯಲ್ಲಿ ಗಟ್ಟಿಯಾಗದಿರಲಿ ಅಂತ ದಾರಿಯುದ್ದಕ್ಕೂ ಬಿಸಿ ಮಾಡ್ತಾ ಕಳಿಸ್ತಾರೆ. ನೀವು ಹುಯ್ತಿರೋ ಈ ಮೇಣಾನೂ ಹೀಗೆ ನೆಲದಿಂದ ಬಂದಿದ್ದೇ.”

ದೊರೆಸ್ವಾಮಿ ಮೂಲೆಯಲ್ಲಿ ಜೋಡಿಸಿದ್ದ ಬಿಳಿ ಮೇಣದ ಹಲಗೆಗಳನ್ನು ಹೊಸದಾಗಿ ಕಂಡವರ ಹಾಗೆ ನೋಡಿದರು. ಆರು ವರ್ಷದಿಂದ ಅವರ ಬತ್ತಿಗಳು ಚರ್ಚಿನ ಮುಂದಿನ ಅಂಗಡಿಗಳಿಗೆ ಹೋಗುತ್ತಿದ್ದವು. ಮಂಡಿನೋವಿನ ಔಷಧಿ, ಕೈತುಂಬ ಬಿಡುವು ಎಂದು ಕೂತಿದ್ದವರಿಗೆ ಆ ಕೆಲಸ ಬೆಳಗಾಗುವುದಕ್ಕೊಂದು ಕಾರಣ ಕೊಟ್ಟಿತ್ತು. “ಮದ್ರಾಸಿಂದ ಬತ್ತದೆ ಅಂತಷ್ಟೇ ಗೊತ್ತಿತ್ತು. ಅದಕ್ಕಿಂತ ಮುಂಚೆ ಎಲ್ಲಿತ್ತು ಅಂತ ನಾನು ಯೋಚ್ನೆ ಮಾಡ್ನಿಲ್ಲ ನೋಡು” ಎಂದರು.

“ಇದ್ರಲ್ಲೇ ಗ್ಯಾಸೂ ಮಾಡ್ತಾರಾ?” ಪುಟ್ಟಲಿಂಗಮ್ಮ ಕೇಳಿದರು.

“ಎಣ್ಣೆ ಶುದ್ಧ ಮಾಡುವಾಗ ಅದೂ ಬರುತ್ತೆ ಅಮ್ಮ. ಹಿಮ್ಮಡಿಗೆ ಹಚ್ಚೋ ವ್ಯಾಸಲೀನೂ ಬರುತ್ತೆ. ನಿಮ್ಮ ಬಿಂದಿಗೆ, ಮೇಲೆ ಇಟ್ಟಿರೋ ನೀರಿನ ಟ್ಯಾಂಕು, ನಮ್ಮ ಅಪ್ಪನ ಅಂಗಡೀಲಿರೋ ಅರ್ಧ ಸಾಮಾನು.”

ಪುಟ್ಟಲಿಂಗಮ್ಮ ಅಡುಗೆಮನೆಯ ಕಡೆ ನೋಡಿದರು. “ಇಪ್ಪತ್ತೆರಡು ವರ್ಷ ಹೊಟ್ಟಿನ ಒಲೇಲಿ ಬೇಯಿಸ್ದೋಳು ನಾನು. ಕಣ್ಣು ಕೆಂಡ, ಎದೇಲಿ ಗೊರಗೊರ. ಗ್ಯಾಸ್ ಬಂದ ದಿನ ಒಲೆಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗ್ದೆ. ಯಾರಿಗೆ ಮುಗೀತಿವ್ನಿ ಅಂತ ಗೊತ್ತಿರ್ನಿಲ್ಲ.” ಮುಂದಕ್ಕೆ ಸರಿದು ಸುಷ್ಮಾಳ ಗಲ್ಲ ಮುಟ್ಟಿದರು. “ನಿನ್ನಂಥೋರಿಗೆ ಅಂತ ಈಗ ಗೊತ್ತಾಯ್ತು.”

“ನನಗಲ್ಲ ಅಮ್ಮ. ನಮ್ಮ ದೇಶದಲ್ಲಿ ಸಿಗೋದು ಸ್ವಲ್ಪ, ಹೊರಗಿಂದ ಬರೋದೇ ಜಾಸ್ತಿ. ಇಲ್ಲಿ ಸಿಗೋದಕ್ಕೂ ನೂರಾರು ಜನ ಬೇಕು. ಮೇ ತಿಂಗಳ ಬಿಸಿಲಲ್ಲಿ ಕಬ್ಬಿಣದ ಕೊಳವೆ ತಬ್ಕೊಂಡು ಜೋಡಿಸ್ತಾರೆ, ಮುಟ್ಟಿದ್ರೆ ಚರ್ಮ ಸುಲಿಯುತ್ತೆ. ಅವರಿಗೆ ಹೇಳ್ತೀನಿ, ಹಿನಕಲ್‌ನಲ್ಲಿ ಒಬ್ಬರು ಕೈ ಮುಗಿದಿದ್ದಾರೆ ಅಂತ.”

“ಹೇಳು. ಮರೀಬ್ಯಾಡ.”

ಕಾಫಿ ಬಂತು. ಕರಿಬಸವಯ್ಯನವರು ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ಕೊನೆಗೆ ಕೆಳಗಿಟ್ಟು ಎರಡೂ ಕೈ ಎತ್ತಿದರು.

ದೊರೆಸ್ವಾಮಿ ಗಾಬರಿಯಾಗಿ, “ಬ್ಯಾಡಿ ಸಾಮಿ, ಮಗಳು ಕೇಳಿದ್ಲಲ್ಲ, ಆಯ್ತು ಬುಡಿ” ಎಂದು ಅವರ ಕೈ ಹಿಡಿಯಲು ಹೋದರು.

“ಇಲ್ಲ, ಇಲ್ಲಿ ಕ್ಷಮೆ ಕೇಳಲ್ಲ,” ಎಂದರು ಕರಿಬಸವಯ್ಯ. ದನಿ ಮತ್ತೆ ಎಂದಿನ ಒರಟಿಗೆ ಬಂದಿತ್ತು. “ನಿಮ್ಮ ಮನೆ ಬಾಗಿಲು ಹಾಕ್ಕೊಂಡು ಕೇಳಿದ್ರೆ ಅದು ಲೆಕ್ಕಕ್ಕಿಲ್ಲ. ಎಲ್ಲಿ ನಿಮ್ಮ ಕೈಲಿ ಹೇಳಿಸಿದ್ನೋ ಅಲ್ಲೇ, ಅಷ್ಟು ಜನರ ಮುಂದೇನೇ ನಾನೂ ಹೇಳ್ಬೇಕು. ಬರ್ತೀರಾ?” ಆಮೇಲೆ ಪುಟ್ಟಲಿಂಗಮ್ಮನ ಕಡೆ ತಿರುಗಿ, “ನೀವೂ ಬರ್ಬೇಕಮ್ಮ. ನೀವು ಇಲ್ದಿದ್ರೆ ಅರ್ಧ ಆಗುತ್ತೆ” ಎಂದರು.

*

ಈಗಿನ ಪ್ರಿನ್ಸಿಪಾಲ್ ಸುಚಿತ್ರಾ ಎಂಬವರು. ಬಣ್ಣದ ಅಂಗಡಿಯ ಯಜಮಾನರೊಬ್ಬರು ಬಂದು “ಹತ್ತು ವರ್ಷದ ಹಿಂದೆ ನಿಮ್ಮ ಕೋಣೇಲಿ ಒಂದು ತಪ್ಪು ಮಾಡಿದ್ದೆ, ಅದನ್ನ ಸರಿ ಮಾಡ್ಕೋಬೇಕು, ಕೋಣೆ ಕೊಡಿ” ಎಂದು ಕೇಳಿದಾಗ ಅವರಿಗೆ ಮೊದಲು ಅರ್ಥವಾಗಲಿಲ್ಲ. ಪೂರ್ತಿ ಕೇಳಿದ ಮೇಲೆ, “ಗುರುವಾರ ಹನ್ನೊಂದಕ್ಕೆ ಬನ್ನಿ” ಎಂದರು.

ಗುರುವಾರ ಕರಿಬಸವಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತಾವೇ ಹಿನಕಲ್‌ಗೆ ಹೋಗಿ ಗಂಡ ಹೆಂಡತಿಯನ್ನು ಕಾರಿನಲ್ಲಿ ಕರೆತಂದರು. ಸುಷ್ಮಾ, ಶಾಂತಾದೇವಿ ಬೇರೆಯಾಗಿ ಆಟೋದಲ್ಲಿ ಬಂದರು. ಕೋಣೆಯಲ್ಲಿ ಭೂವಿಜ್ಞಾನದ ಅಧ್ಯಾಪಕರೆಲ್ಲ ಸೇರಿದ್ದರು. ಅಂದು ಅಲ್ಲಿದ್ದ ನಾಲ್ವರಲ್ಲಿ ಇಬ್ಬರು ಇನ್ನೂ ಕೆಲಸದಲ್ಲಿದ್ದರು, ಅವರೂ ಬಂದಿದ್ದರು. ಅಂದು ದೊರೆಸ್ವಾಮಿಯನ್ನು ನಿಲ್ಲಿಸಿದ್ದ ಜಾಗದಲ್ಲಿ ಈಗ ಎರಡು ಕುರ್ಚಿ ಹಾಕಿ ಗಂಡ ಹೆಂಡತಿಯನ್ನು ಕೂರಿಸಿದರು. ದೊರೆಸ್ವಾಮಿ ಕುರ್ಚಿಯ ತುದಿಯಲ್ಲಿ ಕೂತರು. ಪುಟ್ಟಲಿಂಗಮ್ಮ ಪೂರ್ತಿ ಒರಗಿ ಕೂತರು.

ಕರಿಬಸವಯ್ಯನವರ ಮಾತು ಉದ್ದವಾಗಿರಲಿಲ್ಲ. “ಇವರು ನನ್ನ ಮಗಳಿ‌ಗೆ ವಿದ್ಯೆ ಕಲಿಸ್ತಿದ್ರು. ನಾನು ಬಂದು ಗಲಾಟೆ ಮಾಡಿ ಇವರಿಗೆ ಅವಮಾನ ಮಾಡ್ದೆ. ಅಷ್ಟಾದ್ರೂ ಇವರು ಕಲಿಸೋದು ಬಿಡ್ಲಿಲ್ಲ. ಅವಳು ಇವತ್ತು ಏನಾದ್ರೂ ಆಗಿದ್ರೆ ಇವರ ಕೈ ಅದರಲ್ಲಿದೆ, ಈ ತಾಯಿಯ ಕೈಯೂ ಇದೆ. ದೊರೆಸ್ವಾಮಿಯವರೇ, ತಪ್ಪಾಯ್ತು.” ಕೈ ಜೋಡಿಸಿ ತಲೆ ಬಗ್ಗಿಸಿದರು. ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ದೊರೆಸ್ವಾಮಿ ಎದ್ದು ಬಂದು ಆ ಜೋಡಿಸಿದ ಕೈಗಳನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು.  ಪುಟ್ಟಲಿಂಗಮ್ಮ ಕೂತಲ್ಲಿಂದಲೇ, “ಆಯ್ತು, ಬುಡಿ. ಇನ್ಮ್ಯಾಲೆ ನಾನೂ ಬಸ್ಸಲ್ಲಿ ನಿಮ್ಮ ಅಂಗಡಿ ಕಡೆ ನೋಡ್ತೀನಿ” ಎಂದರು. ಅಧ್ಯಾಪಕರಿಗೆ ಅದರ ಅರ್ಥವಾಗಲಿಲ್ಲ. ಅರ್ಥವಾದ ನಾಲ್ಕು ಜನ ಒಟ್ಟಿಗೆ ನಕ್ಕರು.

ಪ್ರಿನ್ಸಿಪಾಲರು ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದರು. ಎರಡನೆಯ ವರ್ಷದವರ ಪ್ರಾಕ್ಟಿಕಲ್ ನಡೆಯುತ್ತಿತ್ತು. ದೊರೆಸ್ವಾಮಿ ಒಳಗೆ ಕಾಲಿಟ್ಟವರೇ ಕಪಾಟುಗಳನ್ನು ಸರಿಸಿದ್ದನ್ನು ಕಂಡು, “ಇದ್ಯಾಕೆ ಇಲ್ಲಿಗೆ ತಂದ್ರಿ, ಬಿಸಿಲು ಬೀಳ್ತದಲ್ಲ” ಎಂದು ಆಕ್ಷೇಪಿಸಿದರು. ಸುಷ್ಮಾ ಮಕ್ಕಳಿಗೆ ಬಾವಿಯ ಕಥೆ ಹೇಳಿದಳು. ಶೀಶೆಯನ್ನು ಕೈಯಿಂದ ಕೈಗೆ ಕಳಿಸಿದಳು. ಲಾಸ್ಯ ಎಂಬ ಹುಡುಗಿ, “ಆ ತೊಳೆಯೋದನ್ನ ನಮಗೂ ತೋರಿಸ್ತೀರಾ?” ಎಂದಾಗ ಸುಷ್ಮಾ ಹಿಂದೆ ಸರಿದಳು. ದೊರೆಸ್ವಾಮಿಯೂ ಹಿಂದೆ ಸರಿದರು. ಹಾಗಾಗಿ ಅಂದಿನವರೆಗೆ ಕಾಲೇಜಿನ ಮೆಟ್ಟಿಲನ್ನೇ ಹತ್ತದಿದ್ದ ಪುಟ್ಟಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿಂಕಿನ ಮುಂದೆ ನಿಂತರು. ಮೂವತ್ತು ಮಕ್ಕಳು ಸುತ್ತುವರಿದರು. ಒಬ್ಬ ಅಧ್ಯಾಪಕರು ಫೋನಿನಲ್ಲಿ ಅದನ್ನು ಹಿಡಿದುಕೊಂಡರು, ಆಮೇಲೆ ಸುಷ್ಮಾ ಅದನ್ನು ರಿಗ್ಗಿನ ಹಿರಿಯರಿಗೆ ಕಳಿಸಿದಾಗ, “ಇವರಿಗೆ ನನ್ನ ನಮಸ್ಕಾರ ತಿಳಿಸು. ತೊಳೆಯುವವರಿಗೆಲ್ಲ ಇದನ್ನು ತೋರಿಸುತ್ತೇನೆ” ಎಂದು ಉತ್ತರ ಬಂತು.

ಹೊರಗೆ ಬಂದಾಗ ಮಧ್ಯಾಹ್ನವಾಗಿತ್ತು. ಊಟಕ್ಕೆ ಎಲ್ಲರೂ ಕೃಷ್ಣಮೂರ್ತಿಪುರಂಗೆ ಬರಬೇಕೆಂದು ಶಾಂತಾದೇವಿ ಮೊದಲೇ ಹೇಳಿಬಿಟ್ಟಿದ್ದರು. ಕರಿಬಸವಯ್ಯನವರು ಕಾರು ತರಲು ಹೋದರು. ಮರದ ನೆರಳಲ್ಲಿ ಕಾಯುತ್ತಾ ಪುಟ್ಟಲಿಂಗಮ್ಮ ಸುಷ್ಮಾಳನ್ನು ಕೇಳಿದರು:

“ಮುಂದಿನ ಬಾವಿ ಎಲ್ಲವ್ವ?”

“ತಮಿಳುನಾಡಿನ ಕಡೆಗೆ ಹಾಕ್ತಾರಂತೆ. ಕಾವೇರಿ ಸಮುದ್ರ ಸೇರ್ತಾಳಲ್ಲ, ಅಲ್ಲಿಂದಾಚೆ ಕಡಲೊಳಗೆ.”

ಪುಟ್ಟಲಿಂಗಮ್ಮ ಸ್ವಲ್ಪ ಯೋಚಿಸಿದರು. “ಅಂಗಾದ್ರೆ ಅಲ್ಲಿರೋ ಮಣ್ಣು ಈ ಕಡೆಯಿಂದ್ಲೇ ಹೋಗಿರ್ತದೆ, ಅಲ್ವಾ?”

“ಸ್ವಲ್ಪ ಹೋಗಿರುತ್ತೆ ಅಮ್ಮ.”

“ಮತ್ತೆ ನಮ್ಮೋರೇ ಅನ್ನು,” ಎಂದು ಅವರು ಸಮಾಧಾನದಿಂದ ತಲೆಯಾಡಿಸಿದರು. ಕಾರು ಬಂದು ನಿಂತಿತು. ಅದರ ಬಾಗಿಲು ತೆಗೆಯುವ ಬಗೆ ತಿಳಿಯದೆ ಅವರು ಹಿಡಿಯನ್ನು ಎಳೆದಾಡುತ್ತಿದ್ದಾಗ, ಕರಿಬಸವಯ್ಯನವರು ಇಳಿದು, ಸುತ್ತಿಕೊಂಡು ಬಂದು, ತಾವೇ ತೆಗೆದು ಹಿಡಿದುಕೊಂಡು ನಿಂತರು.